ದ್ವೀಪಕ್ಕೆ ಹೋಗುವ ಮುನ್ನ

ದೂರದ ದ್ವೀಪವೊಂದರಲ್ಲಿ ರಜೆ ಕಳೆಯುವ ಮಾತು ಬಂದರೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಒಂದು ಚಿತ್ರ: ಬಿಳಿಯ ಮರಳು, ನೀಲಿಯ ನೀರು, ಬಾಗಿದ ತೆಂಗಿನ ಮರ. ಆ ಚಿತ್ರದಲ್ಲಿ ಮನುಷ್ಯರಿರುವುದೇ ಅಪರೂಪ. ಇದ್ದರೂ ಅವರು ಹೂಮಾಲೆ ಹಿಡಿದು ನಗುತ್ತಿರುವವರು. ಊರನ್ನು ನೋಡಲು ಹೊರಡುವವನು ಮೊದಲು ಊರವರನ್ನು ಅರಿಯಬೇಕು, ಪ್ರವಾಸದ ಯೋಜನೆಯೆಂದರೆ ಮುಖ್ಯವಾಗಿ ಇದೇ ಎಂಬುದು ನನ್ನ ಅಭಿಪ್ರಾಯ. ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿಗೆ ಈ ಯೋಜನೆಯೇಕೆ ಎಂದು ಮಿತ್ರರು ನಗಬಹುದು. ನಗಲಿ, ನಕ್ಷೆ ನೋಡುವುದಕ್ಕೆ ಟಿಕೆಟು ಬೇಕಿಲ್ಲವಷ್ಟೆ!

ಉದಾಹರಣೆಗೆ ದಕ್ಷಿಣ ಪೆಸಿಫಿಕ್ ಸಾಗರದ ರಾರೊಟೊಂಗಾ ದ್ವೀಪವನ್ನು ತೆಗೆದುಕೊಳ್ಳೋಣ. ಪಾಲಿನೇಷ್ಯದ ಕುಕ್ ದ್ವೀಪಗಳ ರಾಜಧಾನಿ ಇರುವುದು ಇಲ್ಲಿಯೇ. 15 ದ್ವೀಪಗಳ ಈ ನಾಡು 1965ರಿಂದ ನ್ಯೂಜಿಲೆಂಡಿನೊಡನೆ ಸ್ವತಂತ್ರ ಒಡಂಬಡಿಕೆಯಲ್ಲಿದ್ದು ತನ್ನ ಆಡಳಿತವನ್ನು ತಾನೇ ನಡೆಸಿಕೊಳ್ಳುತ್ತಿದೆ. ಕ್ಯಾಪ್ಟನ್ ಕುಕ್‌ನ ಹೆಸರು ನಾಡಿಗೆ ಅಂಟಿಕೊಂಡಿದ್ದರೂ ಆತ ರಾರೊಟೊಂಗಾವನ್ನು ಕಣ್ಣಾರೆ ಕಂಡವನೇ ಅಲ್ಲ. ಹೊರಗಿನವರು ಇಟ್ಟ ಹೆಸರಿಗೂ ಒಳಗಿನವರ ಬಾಳಿಗೂ ಇರುವ ಅಂತರಕ್ಕೆ ಇದೊಂದೇ ಸಾಕ್ಷಿ ಸಾಕು.

ಹೋಗುವ ಕಾಲವನ್ನು ಮೊದಲು ಗೊತ್ತುಮಾಡಬೇಕು. ಅದು ಭೂಮಧ್ಯರೇಖೆಯ ದಕ್ಷಿಣಕ್ಕಿರುವುದರಿಂದ ನಮ್ಮ ಮಳೆಗಾಲ ಅಲ್ಲಿ ತಂಪಾದ, ಮಳೆ ಕಡಿಮೆಯ ಕಾಲ. ನವೆಂಬರಿನಿಂದ ಏಪ್ರಿಲಿನವರೆಗೆ ಚಂಡಮಾರುತದ ಭಯವುಂಟು. 2005ರ ಫೆಬ್ರವರಿ ಮತ್ತು ಮಾರ್ಚಿಯಲ್ಲಿ ಐದು ಚಂಡಮಾರುತಗಳು ಒಂದರ ಹಿಂದೊಂದು ಆ ದ್ವೀಪಗಳನ್ನು ಕಾಡಿದವು. ಜುಲೈಯಿಂದ ಅಕ್ಟೋಬರಿನವರೆಗೆ ತಿಮಿಂಗಿಲಗಳು ದಡದ ಸಮೀಪಕ್ಕೆ ಬರುತ್ತವೆ. ಆಗಸ್ಟಿನ ಮೊದಲಲ್ಲಿ ಸ್ವಯಮಾಡಳಿತದ ನೆನಪಿನ ಉತ್ಸವ, ಹಾಡು, ಕುಣಿತ. ಊಟದ ವಿಷಯದಲ್ಲಿ ನಮ್ಮ ಕರಾವಳಿಯವರಿಗೆ ಪರದೇಶವೆನ್ನಿಸದು. ಅವರ ಟಾರೋ ನಮ್ಮ ಕೆಸುವಿನ ಗಡ್ಡೆ, ಅವರ ಕುರು ನಮ್ಮ ಜೀಗುಜ್ಜೆ.

ಇನ್ನು ಊರಿನ ಕಟ್ಟಳೆಗಳು. ಅಲ್ಲಿ ನೆಲವನ್ನು ಮಾರುವಂತಿಲ್ಲ. ಅದು ಕುಟುಂಬಗಳ ಸೊತ್ತು. ಗೇಣಿಗೆ ಕೊಟ್ಟರೂ 60 ವರ್ಷ ಮೀರುವಂತಿಲ್ಲ. ತೆಂಗಿನ ಮರಕ್ಕಿಂತ ಎತ್ತರದ ಕಟ್ಟಡ ಏಳಬಾರದೆಂಬ ಕಟ್ಟುಪಾಡಿದೆ. ಮೀನು ಕಡಿಮೆಯಾದರೆ ಹವಳದ ದಡದ ಒಂದು ಭಾಗವನ್ನು ಕೆಲಕಾಲ ಮುಟ್ಟದೆ ಬಿಡುವ 'ರಾಉಯಿ' ಎಂಬ ಹಳೆಯ ಪದ್ಧತಿಯನ್ನು ಊರ ಮುಖಂಡರು 1998ರಲ್ಲಿ ಮರಳಿ ಆಚರಣೆಗೆ ತಂದರು. ಭಾನುವಾರ ಪ್ರಾರ್ಥನೆಯ ದಿನ. ನೆರೆಯ ಐಟುಟಾಕಿ ದ್ವೀಪಕ್ಕೆ 2008ರಲ್ಲಿ ಭಾನುವಾರವೂ ವಿಮಾನ ಬರತೊಡಗಿದಾಗ ಅಲ್ಲಿಯ ಅನೇಕರು ಪ್ರತಿಭಟಿಸಿದರು. ಪ್ರವಾಸಿಗೆ ಒಂದು ದಿನದ ಅನುಕೂಲವಾದದ್ದು ಅವರಿಗೆ ವಾರದ ಒಂದೇ ಒಂದು ಶಾಂತಿಯ ದಿನದ ಪ್ರಶ್ನೆ.

ಹಾಗಾದರೆ ಅಲ್ಲಿಗೆ ಹೋಗದಿರುವುದೇ ಲೇಸೆಂದು ಕೆಲವರು ಹೇಳಬಹುದು. ಇದನ್ನು ನಾನು ಒಪ್ಪಲಾರೆ. ಸುಮಾರು 15,000 ಜನ ವಾಸಿಸುವ ಆ ನಾಡಿಗೆ 2019ರಲ್ಲಿ 1,60,000ಕ್ಕೂ ಹೆಚ್ಚು ಪ್ರವಾಸಿಗಳು ಬಂದಿದ್ದರು. 2020ರಲ್ಲಿ ಸಾಂಕ್ರಾಮಿಕ ರೋಗದ ಭಯದಿಂದ ಗಡಿ ಮುಚ್ಚಿದಾಗ ದುಡಿಮೆಯ ದೊಡ್ಡ ದಾರಿಯೇ ಮುಚ್ಚಿಹೋಯಿತು. ಕೆಲಸ ಮತ್ತು ಓದನ್ನು ಹುಡುಕಿಕೊಂಡು ಹೋದವರಿಂದಾಗಿ ಆ ಜನ ಇಂದು ತಮ್ಮ ನಾಡಿನಲ್ಲಿರುವುದಕ್ಕಿಂತ ನ್ಯೂಜಿಲೆಂಡಿನಲ್ಲೇ ಹಲವು ಪಾಲು ಹೆಚ್ಚಾಗಿದ್ದಾರೆ. ಪದವಿಯ ನಂತರ ಊರಿನಲ್ಲಿ ಉಳಿಯುವುದೋ ಊರು ಬಿಡುವುದೋ ಎಂದು ಯೋಚಿಸುತ್ತಿರುವ ನಮಗೆ ಆ ತರುಣರ ಸಂಕಟ ಅರ್ಥವಾಗದಿರದು. ಪ್ರವಾಸಿಯ ಹಣ ಅವರಲ್ಲಿ ಕೆಲವರನ್ನಾದರೂ ಮನೆಯಲ್ಲಿ ಉಳಿಸಬಲ್ಲದು.

ಆದರೆ ಅದೇ ಹಣ ಕಡಲನ್ನು ಕೆಡಿಸಲೂ ಬಲ್ಲದು. ವಸತಿಗೃಹಗಳು ಹೆಚ್ಚಿದ ಮೂರಿ ಎಂಬಲ್ಲಿ ದಡದ ತಿಳಿನೀರಿನಲ್ಲಿ ಪಾಚಿ ಬೆಳೆದು, ಕೊಳಚೆ ನೀರಿನ ವಿಲೇವಾರಿ ಆ ದೇಶದ ದೊಡ್ಡ ಚಿಂತೆಯಾಯಿತು. ಯಾವ ನೀರನ್ನು ನೋಡಲೆಂದು ಬಂದರೋ ಆ ನೀರನ್ನೇ ಬಂದವರ ಭಾರ ಕೆಡಿಸುವುದೆಂದರೆ ಇದೆಂಥ ವಿಪರ್ಯಾಸ!

ಆದುದರಿಂದ ಯೋಜನೆ ಹೀಗಿರಲಿ. ಮೂರು ದಿನದಲ್ಲಿ ಮೂರು ದ್ವೀಪಗಳನ್ನು ಮುಟ್ಟಿ ಓಡಿಬರುವ ಬದಲು ಒಂದೇ ದ್ವೀಪದಲ್ಲಿ ಹೆಚ್ಚು ದಿನ ನಿಲ್ಲುವುದು. ಸಾಧ್ಯವಾದರೆ ಊರವರೇ ನಡೆಸುವ ವಸತಿಯಲ್ಲಿ ಇಳಿದು, ಅವರು ಬೆಳೆದುದನ್ನು ಉಣ್ಣುವುದು. ದ್ವೀಪದ ಸುತ್ತಳತೆ ಕೇವಲ 32 ಕಿಲೋಮೀಟರು. ಒಂದು ಬಸ್ಸು ಬಲಕ್ಕೆ, ಒಂದು ಬಸ್ಸು ಎಡಕ್ಕೆ ಸುತ್ತುತ್ತವೆ, ಬಾಡಿಗೆಯ ಕಾರು ಅಗತ್ಯವಿಲ್ಲ. ಸಿಹಿನೀರನ್ನು ಮಿತವಾಗಿ ಬಳಸುವುದು, ಹವಳವನ್ನು ಮೆಟ್ಟದಿರುವುದು, 'ರಾಉಯಿ' ಇರುವಲ್ಲಿ ಮೀನಿಗೆ ಕೈಯಿಕ್ಕದಿರುವುದು, ಭಾನುವಾರ ತಾನೂ ಸುಮ್ಮನಿರುವುದು.

ಹಣ ಕೊಟ್ಟವನು ಗಿರಾಕಿಯಾಗುತ್ತಾನೆ. ಅದಕ್ಕೆ ಯಾವ ಸಿದ್ಧತೆಯೂ ಬೇಡ. ನೆಂಟನಾಗುವುದಕ್ಕೆ ಮಾತ್ರ ಮನೆಯವರ ರೀತಿನೀತಿ ತಿಳಿದಿರಬೇಕು. ನಮ್ಮಲ್ಲಿ ಯಾರಿಗೆ ಎಂದು ಯಾವ ಕಡಲನ್ನು ದಾಟುವ ಯೋಗವಿದೆಯೋ ಹೇಳಬಲ್ಲವರಾರು? ಆ ತಿಳಿವಳಿಕೆಯ ಅಭ್ಯಾಸವನ್ನು ನಮ್ಮ ಕಾಲೇಜಿನ ವಾಚನಾಲಯದಲ್ಲಿ ಕುಳಿತು ಇಂದೇ ಆರಂಭಿಸಬಹುದು.