ಬಾಗಿಲು ಮುಚ್ಚದ ವಿಲೀನ ಬೇಕು

‘ಓದು ತಲೆಗೆ ಹತ್ತಲಿಲ್ವಾ, ಐಟಿಐ ಸೇರಿದೀಯಂತೆ?’ ಫಿಟ್ಟರ್ ಟ್ರೇಡಿನಲ್ಲಿ ಎರಡು ವರ್ಷ ಕಳೆದ ನನಗೆ ಈ ಮಾತು ಹೊಸದಲ್ಲ. ಐಟಿಐ ಮೆಟ್ಟಿಲು ಹತ್ತಿದ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ಸಿಂಗಪುರದಲ್ಲೂ ಇಂಥದೇ ಕುಹಕವಿತ್ತು. ಅಲ್ಲಿನ ತಾಂತ್ರಿಕ ಶಿಕ್ಷಣ ಸಂಸ್ಥೆಯ ಹೆಸರು ಐಟಿಇ. ಜನ ಆ ಮೂರು ಅಕ್ಷರಗಳನ್ನು ‘ಇಟ್ಸ್ ದಿ ಎಂಡ್’ ಎಂದು ಬಿಡಿಸಿ ನಗುತ್ತಿದ್ದರು. ಅಲ್ಲಿಗೆ ಸೇರಿದವರ ಕಥೆ ಮುಗಿಯಿತು ಎಂದರ್ಥ. ಆ ಸಂಸ್ಥೆ ಈ ಅವಮಾನವನ್ನು ಎದುರಿಸಿದ ಬಗೆ ನಮ್ಮಂಥವರು ತಿಳಿಯಬೇಕಾದದ್ದು.

ಅದು ಹಲವು ವಿಲೀನಗಳಿಂದ ಬೆಳೆದ ಸಂಸ್ಥೆ. 1973ರಲ್ಲಿ ಹುಟ್ಟಿದ ಕೈಗಾರಿಕಾ ತರಬೇತಿ ಮಂಡಳಿ, 1979ರಲ್ಲಿ ವಯಸ್ಕರ ಶಿಕ್ಷಣ ಮಂಡಳಿಯೊಂದಿಗೆ ಸೇರಿ ಒಂದೇ ಮಂಡಳಿಯಾಯಿತು. 1992ರಲ್ಲಿ ಅದರ ಜಾಗಕ್ಕೆ ಐಟಿಇ ಬಂತು. ಆಗ ಬದಲಾದದ್ದು ಹೆಸರಷ್ಟೇ ಅಲ್ಲ. ಶಾಲೆಯನ್ನು ಅರ್ಧಕ್ಕೇ ಬಿಟ್ಟವರ ಆಸರೆ ಎನಿಸಿದ್ದ ವೃತ್ತಿ ತರಬೇತಿ, ಹತ್ತು ವರ್ಷದ ಶಾಲಾ ಓದು ಮುಗಿಸಿದವರ ಮುಂದಿನ ಹಂತವಾಯಿತು. ಬಳಿಕ ನಗರದಲ್ಲಿ ಚದುರಿದ್ದ ಸಣ್ಣ ಸಣ್ಣ ತರಬೇತಿ ಕೇಂದ್ರಗಳನ್ನು ಮೂರು ದೊಡ್ಡ ಕಾಲೇಜುಗಳಾಗಿ ಒಗ್ಗೂಡಿಸಿದರು. 2005ರಲ್ಲಿ ಸಿಮೇಯಲ್ಲಿ ಪೂರ್ವ, 2010ರಲ್ಲಿ ಚೋವಾ ಚು ಕಾಂಗ್‌ನಲ್ಲಿ ಪಶ್ಚಿಮ, 2013ರಲ್ಲಿ ಆಂಗ್ ಮೊ ಕಿಯೊದಲ್ಲಿ ಕೇಂದ್ರ ಕಾಲೇಜು ಆರಂಭವಾದವು. ವಿಮಾನ ದುರಸ್ತಿಯನ್ನು ನಿಜವಾದ ವಿಮಾನದ ಮೇಲೆಯೇ ಕಲಿಸುವ ವ್ಯವಸ್ಥೆ ಅಲ್ಲಿದೆ. 2007ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಆಶ್ ಸಂಸ್ಥೆಯ ಪ್ರಶಸ್ತಿಯೂ ಐಟಿಇಗೆ ಸಂದಿತು. ಕುಹಕ ಪೂರ್ತಿ ನಿಂತಿರಲಿಕ್ಕಿಲ್ಲ, ಆದರೆ ಉತ್ತರ ಕೊಡಲು ಅಲ್ಲಿನ ವಿದ್ಯಾರ್ಥಿಗಳ ಕೈಯಲ್ಲಿ ಏನೋ ಇದೆ.

ಹಾಗಾದರೆ ನಾವೂ ಸಣ್ಣ ಐಟಿಐಗಳನ್ನು ಮುಚ್ಚಿ ಜಿಲ್ಲೆಗೊಂದು ದೊಡ್ಡ ಕಾಲೇಜು ಕಟ್ಟಬೇಕೇ? ಅವಸರ ಬೇಡ. ಇಡೀ ಸಿಂಗಪುರ ದೇಶ ನಮ್ಮ ಬೆಂಗಳೂರು ನಗರ ಜಿಲ್ಲೆಯ ಅರ್ಧದಷ್ಟೂ ಇಲ್ಲ. ಅಲ್ಲಿ ಯಾವ ಮೂಲೆಯಿಂದಲಾದರೂ ಮೆಟ್ರೊ, ಬಸ್ಸು ಹಿಡಿದು ಕಾಲೇಜು ಮುಟ್ಟಬಹುದು. ನಮ್ಮಲ್ಲಿ ತಾಲ್ಲೂಕಿನ ಐಟಿಐ ಮುಚ್ಚಿದರೆ, ಊರಿಗೆ ಬರುವ ಒಂದೇ ಬಸ್ಸನ್ನು ನಂಬಿದ ಹುಡುಗಿಯ ಓದು ಅಲ್ಲಿಗೇ ನಿಲ್ಲುತ್ತದೆ. ಹಾಸ್ಟೆಲ್, ಬಸ್ಸು ಮೊದಲಾಗಲಿ. ವಿಲೀನದ ಮಾತು ಆಮೇಲೆ.

ಸಿಂಗಪುರದಿಂದ ಕಲಿಯಬೇಕಾದದ್ದು ಬೇರೆ ಇದೆ. ಅವರು ಕಟ್ಟಡಗಳ ಜೊತೆಗೆ ಯಂತ್ರ, ಶಿಕ್ಷಕರು, ಮುಂದಿನ ಓದಿನ ದಾರಿ ಎಲ್ಲವನ್ನೂ ಒಟ್ಟಿಗೆ ಕಟ್ಟಿದರು. ನಮ್ಮಲ್ಲೂ ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಲಾಗಿದೆ. ಅಲ್ಲಿನ ದುಬಾರಿ ಯಂತ್ರಗಳನ್ನು ಅಕ್ಕಪಕ್ಕದ ಐಟಿಐ ವಿದ್ಯಾರ್ಥಿಗಳೂ ವಾರಕ್ಕೆರಡು ದಿನ ಬಳಸುವಂತಾದರೆ ಯಾವ ಬಾಗಿಲನ್ನೂ ಮುಚ್ಚದೆ ವಿಲೀನದ ಲಾಭ ಸಿಗುತ್ತದೆ. ಒಂದು ಲೇತ್ ಮುಂದೆ ಆರೇಳು ಜನ ಸರದಿ ಕಾಯ್ದು ಕಲಿತ ನನಗೆ ಇದರ ಬೆಲೆ ಗೊತ್ತು.

ಇನ್ನು ನಮ್ಮ ಕೆಲಸ. ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು, ಅಲ್ಲಿಂದ ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಹೋಗಬಹುದು. ಕಾರ್ಖಾನೆಗಳಲ್ಲಿ ಅಪ್ರೆಂಟಿಸ್ ಆಗಿ ಭತ್ಯೆ ಪಡೆಯುತ್ತಲೇ ಕಲಿಯಬಹುದು. ಈ ದಾರಿಗಳು ಹತ್ತನೇ ತರಗತಿಯ ಎಷ್ಟೋ ಮಕ್ಕಳಿಗೆ, ಅವರ ಅಪ್ಪ ಅಮ್ಮನಿಗೆ ತಿಳಿದೇ ಇಲ್ಲ. ಸರ್ಕಾರ ಹೇಳುವವರೆಗೆ ಕಾಯದೆ, ನಾವು ಓದಿದ ಶಾಲೆಗೆ ಹೋಗಿ ಒಂದು ಗಂಟೆ ಮಾತಾಡಿ ಬರೋಣ.