ಭಯವೂ ನಿಜ, ಕಾರಣವೂ ನಿಜ

ಅಪರಾಧದ ಪ್ರಸ್ತಾಪ ಬಂದೊಡನೆ ನಮ್ಮ ಮನೆಗಳಲ್ಲಿ ಕೇಳಿಬರುವ ಮಾತುಗಳು ಸಾಮಾನ್ಯವಾಗಿ ಎರಡು. ಶಿಕ್ಷೆ ಕಠಿಣವಾದರೆ ಎಲ್ಲವೂ ಸರಿಹೋಗುತ್ತದೆ ಎಂಬುದು ಒಂದು; ಬಡತನ ನೀಗಿದರೆ ಅಪರಾಧವೂ ನೀಗುತ್ತದೆ ಎಂಬುದು ಇನ್ನೊಂದು. ಅಮೆರಿಕ ಮತ್ತು ಬ್ರಿಟನ್ನಿನಲ್ಲಿ 1970 ಹಾಗೂ 80ರ ದಶಕಗಳಲ್ಲಿ ‘ವಾಸ್ತವವಾದಿ’ಗಳೆಂದು ಹೆಸರಾದ ಸಮಾಜಚಿಂತಕರು ಈ ಎರಡೂ ಮಾತುಗಳನ್ನು ಒರೆಗೆ ಹಚ್ಚಿದರು. ಅವರಲ್ಲಿ ಬಲಪಂಥೀಯರೂ ಇದ್ದರು, ಎಡಪಂಥೀಯರೂ ಇದ್ದರು. ಅಪರಾಧವೆಂಬುದು ಪತ್ರಿಕೆಗಳು ಸೃಷ್ಟಿಸಿದ ಗುಮ್ಮನಲ್ಲ, ಸಾಮಾನ್ಯ ಜನರ ಬಾಳನ್ನು ಹಾಳುಮಾಡುವ ನಿಜವಾದ ಕೇಡು ಎಂಬಲ್ಲಿ ಇಬ್ಬರೂ ಏಕಾಭಿಪ್ರಾಯ ಹೊಂದಿದ್ದರು.

ಈ ಮಾತಿಗೆ ಆಧಾರವಿದೆ. 1983ರಲ್ಲಿ ಪ್ರಕಟವಾದ ಬ್ರಿಟನ್ನಿನ ರಾಷ್ಟ್ರೀಯ ಅಪರಾಧ ಸಮೀಕ್ಷೆಯು, ಸರಾಸರಿ ವ್ಯಕ್ತಿಯೊಬ್ಬನು ದರೋಡೆಗೆ ಒಳಗಾಗುವುದು 500 ವರ್ಷಗಳಿಗೊಮ್ಮೆ ಮಾತ್ರ ಎಂದು ಲೆಕ್ಕಹಾಕಿತು. ಹಾಗಾದರೆ ಜನರ ಭಯ ಅಕಾರಣವೇ? ಜಾಕ್ ಯಂಗ್ ಮತ್ತು ಅವರ ಸಂಗಡಿಗರು ಲಂಡನ್ನಿನ ಇಸ್ಲಿಂಗ್‌ಟನ್ ಬಡಾವಣೆಯಲ್ಲಿ ಮನೆಮನೆಗೆ ಹೋಗಿ ವಿಚಾರಿಸಿ, 1986ರಲ್ಲಿ ತಮ್ಮ ಸಮೀಕ್ಷೆಯನ್ನು ಹೊರತಂದರು. ಅಲ್ಲಿ ಒಂದೇ ವರ್ಷದಲ್ಲಿ ಸುಮಾರು ಮೂರನೆಯ ಒಂದರಷ್ಟು ಮನೆಗಳು ಗಂಭೀರ ಅಪರಾಧಕ್ಕೆ ತುತ್ತಾಗಿದ್ದವು. ಕತ್ತಲಾದ ಮೇಲೆ ಹೊರಗೆ ಕಾಲಿಡಲು ಅಂಜುವ ಮಹಿಳೆಯರ ಸಂಖ್ಯೆ ದೊಡ್ಡದಾಗಿತ್ತು. ರಾಷ್ಟ್ರೀಯ ಸರಾಸರಿ ಇವರ ಕಷ್ಟವನ್ನು ಮರೆಮಾಡಿತ್ತು. ಅಪರಾಧದ ಹೊರೆಯನ್ನು ಎಲ್ಲರಿಗಿಂತ ಹೆಚ್ಚಾಗಿ ಹೊರುವವರು ಬಡವರೇ ಎಂಬ ಸತ್ಯ ಇದರಿಂದ ಸ್ಪಷ್ಟವಾಯಿತು.

ಕಾರಣವೇನೆಂಬ ಪ್ರಶ್ನೆಯಲ್ಲಿ ಮಾತ್ರ ಇವರ ದಾರಿಗಳು ಬೇರೆಯಾದವು. ಅಮೆರಿಕದ ಜೇಮ್ಸ್ ಕ್ಯೂ. ವಿಲ್ಸನ್, ಮೂಲಕಾರಣಗಳನ್ನು ಹುಡುಕುತ್ತಾ ಕುಳಿತರೆ ಫಲವಿಲ್ಲ, ತಪ್ಪಿಗೆ ತೆರಬೇಕಾದ ಬೆಲೆಯನ್ನು ಹೆಚ್ಚಿಸಬೇಕು ಎಂದು ವಾದಿಸಿದರು. 1982ರಲ್ಲಿ ಅವರೂ ಜಾರ್ಜ್ ಕೆಲ್ಲಿಂಗ್ ಅವರೂ ಬರೆದ ‘ಒಡೆದ ಕಿಟಕಿಗಳು’ ಎಂಬ ಲೇಖನ ಲೋಕಪ್ರಸಿದ್ಧವಾಯಿತು. ಒಡೆದ ಒಂದು ಗಾಜನ್ನು ಸರಿಪಡಿಸದೆ ಬಿಟ್ಟರೆ ಉಳಿದವೂ ಒಡೆಯುತ್ತವೆ. ಸಣ್ಣ ಅವ್ಯವಸ್ಥೆಯು ದೊಡ್ಡ ಅಪರಾಧವನ್ನು ಆಹ್ವಾನಿಸುತ್ತದೆ ಎಂಬುದೇ ಅದರ ಸಾರ. ಮನಶ್ಶಾಸ್ತ್ರಜ್ಞ ಫಿಲಿಪ್ ಜಿಂಬಾರ್ಡೊ 1969ರಲ್ಲಿ ನಡೆಸಿದ ಒಂದು ಪ್ರಯೋಗವನ್ನು ಅವರು ಅಲ್ಲಿ ಉದಾಹರಿಸಿದ್ದಾರೆ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ವಾರಸುದಾರರಿಲ್ಲದಂತೆ ನಿಲ್ಲಿಸಿದ ಕಾರಿಗೆ ಹತ್ತು ನಿಮಿಷಗಳೊಳಗೆ ಕೈಹಾಕಿದವರು ಪುಂಡರ ಗುಂಪಲ್ಲ. ತಂದೆ, ತಾಯಿ ಮತ್ತು ಪುಟ್ಟ ಮಗನಿದ್ದ ಒಂದು ಕುಟುಂಬ. ‘ಇದು ಯಾರದ್ದೂ ಅಲ್ಲ’ ಎಂಬ ಭಾವನೆ ಎಂಥ ಸಂಸಾರಸ್ಥರನ್ನೂ ಜಾರಿಸಬಲ್ಲದು. ಮಕ್ಕಳನ್ನು ಬೆಳೆಸುವ ನಮಗೆ ಇದೊಂದು ಎಚ್ಚರಿಕೆ.

ಎಡಪಂಥೀಯ ವಾಸ್ತವವಾದಿಗಳಾದ ಜಾನ್ ಲೀ ಮತ್ತು ಜಾಕ್ ಯಂಗ್ 1984ರ ತಮ್ಮ ಗ್ರಂಥದಲ್ಲಿ ಬೇರೊಂದು ಉತ್ತರವನ್ನಿತ್ತರು. ಬಡತನವೊಂದೇ ಕಾರಣವಾಗಿದ್ದರೆ 1930ರ ದಶಕದ ನಿರುದ್ಯೋಗಕಾಲದಲ್ಲಿ ಬ್ರಿಟನ್ನಿನಲ್ಲಿ ಅಪರಾಧ ಉಕ್ಕಿಹರಿಯಬೇಕಿತ್ತು. ಆದರೆ ಅದು ಏರಿದ್ದು 1960ರ ದಶಕದ ಸಮೃದ್ಧಿಯ ನಡುವೆ. ಆದ್ದರಿಂದ ಮನುಷ್ಯನನ್ನು ಕೆರಳಿಸುವುದು ಬರಿಯ ಇಲ್ಲದಿರುವಿಕೆಯಲ್ಲ. ಎದುರಿಗೆ ಕಾಣುವುದು ತನಗೆ ಅನ್ಯಾಯವಾಗಿ ದಕ್ಕುತ್ತಿಲ್ಲವೆಂಬ ನೋವು. ಇದನ್ನು ಅವರು ‘ಸಾಪೇಕ್ಷ ಅಭಾವ’ವೆಂದು ಕರೆದರು. ತನ್ನ ಅಳಲನ್ನು ಹೇಳಿಕೊಳ್ಳಲು ಸಂಘವಾಗಲಿ ಪ್ರತಿನಿಧಿಯಾಗಲಿ ಇಲ್ಲದ ಯುವಕನಲ್ಲಿ ಆ ನೋವು ಅಡ್ಡದಾರಿ ಹಿಡಿಯುವ ಸಂಭವ ಹೆಚ್ಚು. ಆದರೂ ಇಂಥ ನೋವುಂಡವರಲ್ಲಿ ಬಹುಮಂದಿ ಪ್ರಾಮಾಣಿಕರಾಗಿಯೇ ಬಾಳುತ್ತಾರೆ ಎಂಬುದನ್ನು ಮರೆಯಲಾಗದು. ಕಾರಣವನ್ನು ಅರಿಯುವುದೆಂದರೆ ತಪ್ಪನ್ನು ಮನ್ನಿಸುವುದೆಂದಲ್ಲ.

ಅಪರಾಧವನ್ನು ನಿಗ್ರಹಿಸುವ ಬಗೆ ಹೇಗೆ? ಅಪರಾಧಿ, ಸಂತ್ರಸ್ತ, ಪೊಲೀಸ್, ಸಮಾಜ ಎಂಬ ನಾಲ್ಕು ಮೂಲೆಗಳ ಒಂದು ಚೌಕವನ್ನು ಎಡ ವಾಸ್ತವವಾದಿಗಳು ಮುಂದಿಟ್ಟರು. ಒಂದು ಮೂಲೆಯನ್ನು ಕಡೆಗಣಿಸಿದರೂ ಚೌಕ ಕೆಡುತ್ತದೆ. ಅಪರಾಧಗಳಲ್ಲಿ ಬಹುಪಾಲು ಪೊಲೀಸರ ಗಮನಕ್ಕೆ ಬರುವುದು ಜನರು ತಿಳಿಸುವುದರಿಂದಲೇ. ಜನರ ವಿಶ್ವಾಸ ಬತ್ತಿದರೆ ಮಾಹಿತಿಯೂ ಬತ್ತುತ್ತದೆ. ಆಗ ಪೊಲೀಸರು ಕುರುಡಾಗಿ ಬೀದಿಯಲ್ಲಿ ಕಂಡವರನ್ನೆಲ್ಲ ತಡೆಯುತ್ತಾರೆ. ವಿಶ್ವಾಸ ಮತ್ತಷ್ಟು ಕುಸಿಯುತ್ತದೆ. 1981ರ ಏಪ್ರಿಲ್‌ನಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ನಡೆದದ್ದು ಇದೇ. ಕೆಲವೇ ದಿನಗಳಲ್ಲಿ 943 ಜನರನ್ನು ತಡೆದು ಶೋಧಿಸಲಾಯಿತು. ಅದರ ಬೆನ್ನಿಗೇ ಬೀದಿಗಳು ಹೊತ್ತಿ ಉರಿದವು.

ಬಲಪಂಥೀಯರು ಹೆಮ್ಮೆಯಿಂದ ತೋರುವ ನಿದರ್ಶನ ನ್ಯೂಯಾರ್ಕ್. 1990ರಲ್ಲಿ 2,200ಕ್ಕೂ ಹೆಚ್ಚು ಕೊಲೆಗಳಾಗಿದ್ದ ಆ ನಗರದಲ್ಲಿ 1998ರ ವೇಳೆಗೆ ಅವು 700ಕ್ಕಿಂತ ಕೆಳಗಿಳಿದವು. ಸಣ್ಣ ತಪ್ಪುಗಳನ್ನೂ ಬಿಡದ ನೀತಿ 1994ರಲ್ಲಿ ಆರಂಭವಾದದ್ದು ನಿಜ. ಆದರೆ ಇಳಿಕೆ ಅದಕ್ಕೂ ಮುನ್ನವೇ ತೊಡಗಿತ್ತು. ಬೇರೆ ಹಾದಿ ಹಿಡಿದ ಸ್ಯಾನ್ ಡಿಯೆಗೊ ನಗರದಲ್ಲಿಯೂ ಅಪರಾಧ ತಗ್ಗಿತು. 2011ರಲ್ಲಿ ನ್ಯೂಯಾರ್ಕ್ ಪೊಲೀಸರು ಜನರನ್ನು ತಡೆದದ್ದು 6,80,000ಕ್ಕೂ ಹೆಚ್ಚು ಬಾರಿ. ಹಾಗೆ ತಡೆಯಲ್ಪಟ್ಟವರಲ್ಲಿ ಸುಮಾರು ಹತ್ತಕ್ಕೆ ಒಂಬತ್ತು ಮಂದಿ ನಿರ್ದೋಷಿಗಳು. ಅದನ್ನು ನಡೆಸಿದ ರೀತಿ ಸಂವಿಧಾನಬಾಹಿರವೆಂದು 2013ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಹಾಗೆ ತಡೆಯುವುದು ತೀರ ಕಡಿಮೆಯಾದ ಮೇಲೆ ಕೊಲೆಗಳು ಹೆಚ್ಚಿದವೇ? ಇಲ್ಲ. 2011ರಲ್ಲಿ 500ಕ್ಕೂ ಮೇಲಿದ್ದ ಸಂಖ್ಯೆ 2017ರಲ್ಲಿ 300ಕ್ಕಿಂತ ಕೆಳಗಿತ್ತು.

ಒಡೆದ ಕಿಟಕಿಯನ್ನು ಕೂಡಲೇ ಸರಿಪಡಿಸಬೇಕೆಂಬ ಬುದ್ಧಿಮಾತನ್ನು ನಾವು ಬಲಪಂಥೀಯರಿಂದ ಧಾರಾಳವಾಗಿ ಸ್ವೀಕರಿಸೋಣ. ಆದರೆ ಕಿಟಕಿಯ ಬಳಿ ಸುಳಿದವರನ್ನೆಲ್ಲ ಬಂಧಿಸುವುದು ದುರಸ್ತಿಯಲ್ಲ. ಹಿಂಸೆಗಿಳಿದವನಿಗೆ ಶಿಕ್ಷೆಯಾಗಲೇಬೇಕು, ಸಂತ್ರಸ್ತರ ಕಣ್ಣೀರು ಒರೆಸುವ ಹೊಣೆಯೂ ಸಮಾಜದ್ದೇ. ಇದರ ಜೊತೆಗೆ ಬೀದಿಗೆ ದೀಪ, ಯುವಕರಿಗೆ ದುಡಿಮೆ, ಠಾಣೆಯಲ್ಲಿ ಬಡವನ ಮಾತಿಗೆ ಕಿವಿ ಬೇಕು. ಕಠಿಣ ಕ್ರಮದ ಕೂಗು ಮುಂದೆ ಎಲ್ಲಿಯೇ ಎದ್ದರೂ ಓದುಗ ಬಂಧುಗಳು ಒಂದು ಪ್ರಶ್ನೆಯನ್ನು ಕೇಳಲಿ: ಈ ಕ್ರಮದ ಬಳಿಕ, ಕಳ್ಳತನ ಕಂಡ ಬಡವನೊಬ್ಬ ಠಾಣೆಯ ಮೆಟ್ಟಿಲು ಹತ್ತಲು ಧೈರ್ಯ ಮಾಡುವನೇ, ಅಂಜುವನೇ? ಅಂಜುವನಾದರೆ ಆ ಕ್ರಮದಿಂದ ಲಾಭ ಕಳ್ಳನಿಗೇ.