ಮೊದಲ ಗಿರಾಕಿ ಯಾರು?

ಬೆಳಗಾವಿಯಲ್ಲಿ 1888ರಲ್ಲಿ ಒಂದು ಸೈಕಲ್ ಅಂಗಡಿ ಶುರುವಾಯಿತು. ಅದನ್ನು ತೆರೆದವರು ಅದೇ ಜಿಲ್ಲೆಯ ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರ್. ಸೈಕಲ್ ಮಾರುತ್ತ, ರಿಪೇರಿ ಮಾಡುತ್ತ ಅವರು ಮೇವು ಕತ್ತರಿಸುವ ಯಂತ್ರ ಮಾಡಿದರು, 1903ರ ಹೊತ್ತಿಗೆ ಕಬ್ಬಿಣದ ನೇಗಿಲನ್ನೂ ಮಾಡಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ಹೆದರಿದ ರೈತರು ಎರಡು ವರ್ಷ ಆ ನೇಗಿಲನ್ನು ಕೊಳ್ಳಲಿಲ್ಲವಂತೆ. ರೈತರ ಮನಸ್ಸು ಕೊನೆಗೂ ಕರಗಿತು, ಊರಿನ ಆಡಳಿತದ್ದು ಕರಗಲಿಲ್ಲ. ಬಡಾವಣೆಗೆ ಜಾಗ ಬೇಕು, ಕಾರ್ಖಾನೆ ತೆರವು ಮಾಡಿ ಎಂದು ಪುರಸಭೆ ಹೇಳಿತು. ಔಂಧ್ ಸಂಸ್ಥಾನದ ರಾಜರು ಕುಂಡಲ್ ಬಳಿ ಪಾಪಾಸುಕಳ್ಳಿ ಬೆಳೆದ ಬರಡು ನೆಲವನ್ನೂ ಜೊತೆಗೆ ಸಾಲವನ್ನೂ ಕೊಟ್ಟರು. 1910ರಲ್ಲಿ ಕಾರ್ಖಾನೆ ಅಲ್ಲಿಗೆ ಹೋಯಿತು. ಇಂದು ಅದು ಮಹಾರಾಷ್ಟ್ರದ ಕಿರ್ಲೋಸ್ಕರವಾಡಿ.

ಬೆಂಗಳೂರಿನಾಚೆಗೂ ಸ್ಟಾರ್ಟಪ್‌ಗಳು ಬೆಳೆಯಬೇಕೆಂಬ ಮಾತು ಬಂದಾಗಲೆಲ್ಲ ನನಗೆ ಈ ಕತೆ ನೆನಪಾಗುತ್ತದೆ. ಮಾತು ಈಗ ಜೋರಾಗಿಯೇ ನಡೆದಿದೆ. ಕರ್ನಾಟಕ ಡಿಜಿಟಲ್ ಎಕಾನಮಿ ಮಿಷನ್ 'ಬಿಯಾಂಡ್ ಬೆಂಗಳೂರು' ಹೆಸರಿನಲ್ಲಿ ಮೈಸೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡ–ಬೆಳಗಾವಿಗಳನ್ನು ಕ್ಲಸ್ಟರ್‌ಗಳೆಂದು ಗುರುತಿಸಿದೆ. ಸ್ಥಳೀಯ ಆರ್ಥಿಕತೆಗೆ ವೇಗ ಕೊಡುವ 'ಲೀಪ್' ಯೋಜನೆಗೆ ಐದು ವರ್ಷಕ್ಕೆ 1,000 ಕೋಟಿ ರೂಪಾಯಿ ಎಂದು ಸರ್ಕಾರ ಪ್ರಕಟಿಸಿದೆ. 2025ರ ನವೆಂಬರ್‌ನಲ್ಲಿ ಸಚಿವ ಸಂಪುಟ ಒಪ್ಪಿದ ಹೊಸ ಸ್ಟಾರ್ಟಪ್ ನೀತಿ ಐದು ವರ್ಷಗಳಲ್ಲಿ 25,000 ಕಂಪನಿಗಳ ಗುರಿ ಇಟ್ಟುಕೊಂಡಿದೆ. ಅದರಲ್ಲಿ 10,000 ಬೆಂಗಳೂರಿನ ಹೊರಗೇ ಹುಟ್ಟಬೇಕು. ಉದ್ದೇಶ ಒಳ್ಳೆಯದು, ಹಣವೂ ಕಡಿಮೆಯೇನಲ್ಲ. ಆದರೆ ಹುಟ್ಟಿದ್ದು ಊರಲ್ಲೇ ಉಳಿಯುವುದು ಯಾವುದರಿಂದ?

ಸದ್ಯ ಎಲ್ಲ ವೇದಿಕೆಗಳಲ್ಲೂ ಸಿಗುವ ಉತ್ತರ: ಅಗ್ಗ. ಇಲ್ಲಿ ಬಾಡಿಗೆ ಕಡಿಮೆ, ಸಂಬಳ ಕಡಿಮೆ, ಟ್ರಾಫಿಕ್ ಕಡಿಮೆ, ಹುಡುಗರು ಬೇಗ ಕೆಲಸ ಬಿಡುವುದಿಲ್ಲ. ಈ ಮಾತಿನಲ್ಲಿ ಸುಳ್ಳಿಲ್ಲದಿದ್ದರೂ ಅದನ್ನು ಕೇಳುವಾಗ ನನಗೆ ಸಂಕಟವಾಗುತ್ತದೆ. ಅಗ್ಗವೆಂದು ಬಂದವನು ಇನ್ನೂ ಅಗ್ಗದ ಊರು ಸಿಕ್ಕಿದ ದಿನ ಹೊರಡುತ್ತಾನೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನಮ್ಮ ಮಕ್ಕಳ ಕಡಿಮೆ ಸಂಬಳವನ್ನೇ ಊರಿನ ಹೆಗ್ಗಳಿಕೆಯೆಂದು ಸಾರಿಬಿಟ್ಟರೆ, ಆ ಸಂಬಳ ಏರುವುದನ್ನು ಊರೇ ಬಯಸದಂತಾಗುತ್ತದೆ.

ಬೆಂಗಳೂರು ಬೆಳೆದದ್ದು ಅಗ್ಗದಿಂದಲ್ಲ. ಹವೆ ಚೆನ್ನಾಗಿತ್ತು, 1909ರಿಂದ ಭಾರತೀಯ ವಿಜ್ಞಾನ ಸಂಸ್ಥೆ ಇತ್ತು, ಎಲ್ಲ ನಿಜ. ಆದರೆ ಆ ಊರಿಗೆ ದಶಕಗಳ ಕಾಲ ಖಾತ್ರಿಯ ಗಿರಾಕಿಯೂ ಇದ್ದ. 1948ರಲ್ಲಿ ಶುರುವಾದ ಸರ್ಕಾರಿ ಕಾರ್ಖಾನೆ ಐಟಿಐ ತಯಾರಿಸಿದ ಟೆಲಿಫೋನನ್ನು ಸರ್ಕಾರದ ದೂರವಾಣಿ ಇಲಾಖೆ ಕೊಂಡಿತು. 1954ರ ಬಿಇಎಲ್‌ನ ರೇಡಿಯೋ, ರಾಡಾರ್‌ಗಳನ್ನು ಸೇನೆ ಕೊಂಡಿತು. ಎಚ್‌ಎಎಲ್‌ನ ವಿಮಾನಗಳಿಗೂ ಸೇನೆಯೇ ಗಿರಾಕಿ. ಮುಂದೆ ಇಸ್ರೋ ಬಂದ ಮೇಲೆ ಪೀಣ್ಯದ ಸಣ್ಣ ಸಣ್ಣ ವರ್ಕ್‌ಶಾಪ್‌ಗಳು ರಾಕೆಟ್ಟು, ಉಪಗ್ರಹಗಳ ಬಿಡಿಭಾಗ ಮಾಡುವುದನ್ನು ಕಲಿತವು. ಒಂದು ಭಾಗ ತಪ್ಪಿದರೆ ಗಿರಾಕಿ ಮತ್ತೆ ಮಾಡಿಸಿದ, ಮತ್ತೆ ದುಡ್ಡು ಕೊಟ್ಟ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬರುವ ಹೊತ್ತಿಗೆ ಆ ಊರಿನ ಎಂಜಿನಿಯರುಗಳ ಕೈ ಹೀಗೆ ಪಳಗಿತ್ತು. ಸ್ಟಾರ್ಟಪ್ ನಗರವೆಂದು ನಾವೀಗ ಹೆಮ್ಮೆಪಡುವ ಬೆಂಗಳೂರಿನ ಅಡಿಪಾಯ ಸರ್ಕಾರದ ಖರೀದಿ ಆದೇಶ. ಈ ಸಂಗತಿಯನ್ನು ನಾವು ಎಷ್ಟು ಬೇಗ ಮರೆತೆವು!

ಇಷ್ಟೊಂದು ಆಸರೆ ಇಲ್ಲದೆಯೂ ಬೇರೆ ಊರುಗಳಲ್ಲಿ ಕೆಲವರು ಬೇರು ಬಿಟ್ಟಿದ್ದಾರೆ. ಹುಬ್ಬಳ್ಳಿಯ ನ್ಯಾನೋಪಿಕ್ಸ್ ಗೋಡಂಬಿಯನ್ನು ಬಣ್ಣ, ಗಾತ್ರ, ಆಕಾರ ನೋಡಿ ಬೇರ್ಪಡಿಸುವ ಯಂತ್ರ ಮಾಡಿತು. ಕ್ಯಾಮೆರಾ ನೋಡುತ್ತದೆ, ಸಾಫ್ಟ್‌ವೇರ್ ತೀರ್ಮಾನಿಸುತ್ತದೆ. ಇಂಥ ಯಂತ್ರಕ್ಕೆ ಮೊದಲು ಬೇಕಾದದ್ದು ಗೋಡಂಬಿಯ ಜ್ಞಾನ. ಒಡೆದ ಬೇಳೆ ಯಾವುದು, ಸುಟ್ಟದ್ದು ಯಾವುದು, ಇಡೀ ಬೇಳೆಯ ಯಾವ ದರ್ಜೆಗೆ ಎಂಥ ಬೆಲೆ ಎಂಬುದು ಕರಾವಳಿಯ ಕಾರ್ಖಾನೆಗಳಲ್ಲಿ ಕೂತು ಆರಿಸುವ ಹೆಂಗಸರ ಕಣ್ಣಿಗೆ ಗೊತ್ತು. (ಅವರ ಕೆಲಸ ಏನಾಗುತ್ತದೆ ಎಂಬ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಊರಲ್ಲೇ ಹುಟ್ಟಿದ ಕಂಪನಿಯ ಮುಂದೆ ಆ ಪ್ರಶ್ನೆ ಎತ್ತುವುದಾದರೂ ಸಾಧ್ಯ.) ಬೆಳಗಾವಿಯ ಹತ್ತರಗಿಯಲ್ಲಿ 2009ರಲ್ಲಿ ನೆಲೆಯೂರಿದ ಏಕ್ವಸ್ ಏರ್‌ಬಸ್ ವಿಮಾನಗಳಿಗೆ ಭಾಗಗಳನ್ನು ಮಾಡುತ್ತದೆ. ಆ ಜಿಲ್ಲೆಯಲ್ಲಿ ಎರಕ ಹೊಯ್ಯುವ, ಲೋಹ ಕೊರೆಯುವ ಕಸುಬು ತಲೆಮಾರುಗಳಿಂದ ಇರುವಂಥದ್ದು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಗಟ್ಟಿಯಾದದ್ದೇ. ಉಡುಪಿಯಲ್ಲಿ 1996ರಲ್ಲಿ ರೋಹಿತ್ ಭಟ್ ಶುರು ಮಾಡಿದ ಸಾಫ್ಟ್‌ವೇರ್ ಕಂಪನಿ ರೋಬೋಸಾಫ್ಟ್‌ನ ಗಿರಾಕಿಗಳು ಸಮುದ್ರದಾಚೆ ಇದ್ದರು. ಮೈಸೂರಿನ ಎಕ್ಸೆಲ್‌ಸಾಫ್ಟ್ 2000ದಿಂದ ವಿದೇಶಗಳಿಗೆ ಪರೀಕ್ಷೆ, ಕಲಿಕೆಗಳ ಸಾಫ್ಟ್‌ವೇರ್ ಮಾಡಿಕೊಟ್ಟು ಷೇರುಪೇಟೆಯವರೆಗೂ ಹೋಯಿತು. ಹಾಗಿದ್ದ ಮೇಲೆ ಸ್ಥಳೀಯ ಗಿರಾಕಿ ಯಾಕೆ ಬೇಕು? ಬೇಕೇ ಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಆದರೆ ಇವೆರಡೂ ದೂರದ ಗಿರಾಕಿಯನ್ನು ಹುಡುಕಿಕೊಳ್ಳಬಲ್ಲ ಅಪರೂಪದ ಸ್ಥಾಪಕರ ಛಲದ ಮೇಲೆ ನಿಂತವು. ಹತ್ತು ಸಾವಿರ ಕಂಪನಿಗಳ ಗುರಿಯನ್ನು ಅಂಥ ಛಲದ ಲೆಕ್ಕದಲ್ಲಿ ಹಾಕಿಕೊಳ್ಳಲಾಗದು. 2021ರಲ್ಲಿ ಜಪಾನಿನ ಟೆಕ್ನೋಪ್ರೋ 805 ಕೋಟಿ ರೂಪಾಯಿಗೆ ರೋಬೋಸಾಫ್ಟನ್ನು ಕೊಂಡಿತು. ಉಡುಪಿಯಲ್ಲಿ ಹುಟ್ಟಿದ ಕಂಪನಿಗೆ ಅಷ್ಟು ಬೆಲೆ ಬಂದದ್ದು ಹೆಮ್ಮೆಯ ಸಂಗತಿ. ಆ ಕಂಪನಿ ಬೆಳೆಯುತ್ತಿದ್ದ ಕಾಲು ಶತಮಾನದಲ್ಲಿ ಉಡುಪಿಯ ಒಬ್ಬ ಸಾಮಾನ್ಯ ಉಳಿತಾಯಗಾರನಿಗೆ ಅದರಲ್ಲಿ ನೂರು ರೂಪಾಯಿ ಹೂಡಲು ದಾರಿ ಇರಲಿಲ್ಲ ಎಂಬುದೂ ಅಷ್ಟೇ ನಿಜ.

ಉಡುಪಿಯ ಬಗ್ಗೆ ಇಂಥ ಮಾತು ಹೇಳಬೇಕಾಗಿ ಬಂದದ್ದೇ ವಿಷಾದ. ನೇಕಾರರು ಕಷ್ಟದಲ್ಲಿದ್ದಾಗ ಉಪೇಂದ್ರ ಪೈ, ವಾಮನ ಕುಡ್ವ, ಟಿ.ಎಂ.ಎ. ಪೈ ಸೇರಿ 1925ರಲ್ಲಿ ಎಂಟು ಸಾವಿರ ರೂಪಾಯಿ ಬಂಡವಾಳದಿಂದ ಬ್ಯಾಂಕು ಕಟ್ಟಿದ ಊರು ಅದು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಆ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟು ದಿನಾ ಮನೆ ಬಾಗಿಲಿಗೆ ಬಂದು ಎರಡಾಣೆ ಪಡೆದು ಹೋಗುತ್ತಿದ್ದ. ದಿನವೂ ಬಾಗಿಲು ತಟ್ಟುವವನಿಗೆ ಯಾರ ಮಗ್ಗ ನಡೆಯುತ್ತಿದೆ, ಯಾರದು ನಿಂತಿದೆ, ಯಾರು ಕೈ ಬಿಗಿಹಿಡಿದು ದುಡಿಯುತ್ತಾರೆ ಎಂಬುದೆಲ್ಲ ತಿಳಿಯುತ್ತಿತ್ತು. ಆ ಪರಿಚಯವೇ ಸಾಲ ಕೊಡುವ ಧೈರ್ಯವನ್ನೂ ಕೊಟ್ಟಿರಬೇಕು. ಇಂದು ಆ ಬ್ಯಾಂಕು ಕೆನರಾದಲ್ಲಿ ವಿಲೀನವಾಗಿದೆ, ಉಡುಪಿಯಲ್ಲೇ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ. ಬಡವರ ಠೇವಣಿಯನ್ನು ಸ್ಟಾರ್ಟಪ್‌ಗೆ ಸುರಿಯಿರಿ ಎಂದು ನಾನು ಖಂಡಿತ ಹೇಳುತ್ತಿಲ್ಲ. ಹೊಸ ಕಂಪನಿಗಳಲ್ಲಿ ಮುಳುಗುವವೇ ಹೆಚ್ಚು. ಅಡಿಕೆ, ಗೋಡಂಬಿ, ಹತ್ತಿ, ಸಕ್ಕರೆಯಲ್ಲಿ ಗಳಿಸಿದವರ ದುಡ್ಡು ಮಾತ್ರ ಸೈಟು, ತೋಟ, ಬೆಂಗಳೂರಿನ ಫ್ಲ್ಯಾಟಿನ ಕಡೆಗೇ ಹರಿಯುತ್ತಿದೆ. ಅದರಲ್ಲಿ ಒಂದು ಪಾಲು ತಮಗೆ ಪರಿಚಯವಿರುವ ಹುಡುಗಿ ಕಟ್ಟುತ್ತಿರುವ ಯಂತ್ರದ ಕಡೆಗೂ ತಿರುಗಬೇಕು.

ಆ ದುಡ್ಡನ್ನು ಸರ್ಕಾರ ತಿರುಗಿಸಲಾರದು. ಗಿರಾಕಿಯಾಗುವುದು ಮಾತ್ರ ಅದರ ಕೈಯಲ್ಲೇ ಇದೆ. ಹುಬ್ಬಳ್ಳಿಯನ್ನು ನೋಡಿ. ನೈಋತ್ಯ ರೈಲ್ವೆ, ವಾಯವ್ಯ ಕರ್ನಾಟಕ ಸಾರಿಗೆ ಸಂಸ್ಥೆ, ವಿದ್ಯುತ್ ಪೂರೈಸುವ ಹೆಸ್ಕಾಂ, ಈ ಮೂರಕ್ಕೂ ಕೇಂದ್ರ ಕಚೇರಿ ಅಲ್ಲೇ. ಸಾವಿರಾರು ಬಸ್ಸು, ಲಕ್ಷಾಂತರ ಮೀಟರು, ಲೆಕ್ಕವಿಲ್ಲದಷ್ಟು ಟ್ರಾನ್ಸ್‌ಫಾರ್ಮರು. ಉದ್ಯಮಿ ಗುರುರಾಜ ದೇಶಪಾಂಡೆಯವರ ಪ್ರತಿಷ್ಠಾನ ಬೆಳೆಸಿದ, ಹೊಸ ಉದ್ಯಮಗಳಿಗೆ ನೆಲೆಯಾದ ಸ್ಯಾಂಡ್‌ಬಾಕ್ಸ್, ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, 2016ರಲ್ಲಿ ಬಂದ ಐಐಟಿ ಧಾರವಾಡ, ಎಲ್ಲವೂ ಒಂದು ತಾಸಿನೊಳಗಿನ ದಾರಿ. ಈ ಕಚೇರಿಗಳಿಗೂ ಹೊಸ ಕಂಪನಿಗಳಿಗೂ ನಡುವೆ ನಿಂತಿರುವುದು ಟೆಂಡರಿನ ಎರಡು ಸಾಲು: ಹಿಂದಿನ ವರ್ಷಗಳ ವಹಿವಾಟು ಎಷ್ಟು, ಇದೇ ಕೆಲಸ ಎಲ್ಲಿ ಮಾಡಿದ್ದೀರಿ? ಹೊಸದನ್ನು ಮಾಡುವವರ ಬಳಿ ಇವೆರಡಕ್ಕೂ ಉತ್ತರ ಇರಲು ಸಾಧ್ಯವೇ ಇಲ್ಲ. ಕೇಂದ್ರ ಸರ್ಕಾರ 2016ರಲ್ಲೇ ತನ್ನ ಖರೀದಿಯಲ್ಲಿ ಸ್ಟಾರ್ಟಪ್‌ಗಳಿಗೆ ಈ ಷರತ್ತುಗಳನ್ನು ಸಡಿಲಿಸಿತು. ಆದರೆ ನಿಯಮ ಸಡಿಲಾದರೂ ಅಧಿಕಾರಿಯ ಭಯ ಸಡಿಲಾಗುವುದಿಲ್ಲ. ಹೊಸ ಉಪಕರಣ ಕೊಂಡು ಕೆಟ್ಟರೆ ಆಡಿಟ್ ಅವರನ್ನು ಕೇಳುತ್ತದೆ, ಹಳೆಯದನ್ನೇ ಕೊಂಡು ಹತ್ತು ವರ್ಷ ಸೋರಿಸಿದರೆ ಯಾರೂ ಕೇಳುವುದಿಲ್ಲ. ರಾಜ್ಯದ 'ಎಲಿವೇಟ್' ಯೋಜನೆ 50 ಲಕ್ಷದವರೆಗೆ ಅನುದಾನ ಕೊಡುತ್ತದೆ. ಅಷ್ಟೇ ಮೊತ್ತದ ಆರ್ಡರನ್ನು ಒಂದು ಡಿಪೋ, ಒಂದು ಉಪವಿಭಾಗ ಕೊಟ್ಟರೆ ಕಂಪನಿಗೆ ಹಣದ ಜೊತೆಗೆ ಬೈಗುಳವೂ ಸಿಗುತ್ತದೆ. ಯಂತ್ರ ಸುಧಾರಿಸುವುದು ಆ ಬೈಗುಳದಿಂದ. ಇಂಥ ಪ್ರಯೋಗದ ಖರೀದಿಗೆಂದೇ ಇಲಾಖೆಯ ಬಜೆಟ್ಟಿನಲ್ಲಿ ಸಣ್ಣದೊಂದು ಪಾಲು ತೆಗೆದಿಟ್ಟು, ಅದರಲ್ಲಿ ಕೆಲವು ಸೋಲುತ್ತವೆಂದು ಮೊದಲೇ ಬರೆದು ಒಪ್ಪಿಕೊಂಡರೆ ಅಧಿಕಾರಿಯೂ ಉಸಿರಾಡಬಹುದು.

ಚಳಿಗಾಲದ ಅಧಿವೇಶನಕ್ಕೆಂದು ಇಡೀ ಸರ್ಕಾರ ಬೆಳಗಾವಿಯ ಸುವರ್ಣ ವಿಧಾನಸೌಧಕ್ಕೆ ಬರುತ್ತದೆ. ಕಿರ್ಲೋಸ್ಕರರನ್ನು ಬಿಟ್ಟುಕೊಟ್ಟ ಊರು ಅದು. ಇಲಾಖೆಗಳ ಕಾರ್ಯದರ್ಶಿಗಳು ಆ ದಿನಗಳಲ್ಲಿ ಒಂದನ್ನು ಉದ್ಯಮಬಾಗಿನ ಫೌಂಡ್ರಿಗಳಲ್ಲಿ, ಇನ್ನೊಂದನ್ನು ಹುಬ್ಬಳ್ಳಿಯ ಹುಡುಗರ ಕೆಲಸದ ಮೇಜಿನ ಮುಂದೆ ಕಳೆಯಲಿ. ಭಾಷಣದ ಪ್ರತಿ ಬೇಡ, ತಮ್ಮ ಇಲಾಖೆ ಈ ವರ್ಷ ಏನೇನು ಕೊಳ್ಳಲಿದೆ ಎಂಬ ಪಟ್ಟಿ ತರಲಿ.